ಡಿಜಿಟಲ್ ಸಾಧನಗಳಿಗೆ ಬಳಕೆದಾರರ ಕೈಪಿಡಿ: ವಿದ್ಯಾರ್ಥಿಗಳಿಗೆ ಬರವಣಿಗೆ ಕಲಿಸುವ ವಿಧಾನ

(ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಅರ್ಜಿದಾರರು, ಪೋಷಕರು ಹಾಗೂ ಶಾಲೆಗಳ ಮಾಹಿತಿಗಾಗಿ)

1. ಪೀಠಿಕೆ

ಸರ್ಕಾರದ ಸೇವೆಗಳನ್ನು ಪಡೆಯುವ ಕ್ರಮವು ಕಳೆದ ಎರಡು ದಶಕಗಳಲ್ಲಿ ಗಣನೀಯವಾಗಿ ಬದಲಾಗಿದೆ. 2000ರ ದಶಕದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕೀಕರಣಗೊಂಡವು. 2011ರ ಸಕಾಲ ಅಧಿನಿಯಮವು 2012ರಲ್ಲಿ ಜಾರಿಗೆ ಬಂದ ನಂತರ ಅರ್ಜಿದಾರರಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ದೊರೆಯತೊಡಗಿತು. ಇಂದು ಅರ್ಜಿಯ ಸ್ವೀಕೃತಿ, ಗುರುತಿನ ದೃಢೀಕರಣ ಮತ್ತು ಹಣದ ಜಮೆ ಕುರಿತ ಮಾಹಿತಿ ಅರ್ಜಿದಾರರ ಮೊಬೈಲ್ ದೂರವಾಣಿಗೆ ಬರುತ್ತಿದೆ.

ದೂರವಾಣಿ ಹಿರಿಯರ ಕೈಯಲ್ಲಿದ್ದರೂ ಅದನ್ನು ಬಳಸುವ ತಿಳಿವಳಿಕೆ ಬಹುತೇಕ ಮನೆಗಳಲ್ಲಿ ಶಾಲೆಗೆ ಹೋಗುವ ಮಗುವಿನ ಬಳಿ ಇರುತ್ತದೆ. ಮಗು ಶಾಲೆಯಲ್ಲಿರುವ ಸಮಯದಲ್ಲಿಯೇ ಕಚೇರಿಗಳೂ ಬ್ಯಾಂಕುಗಳೂ ತೆರೆದಿರುತ್ತವೆ; ವಂಚನೆಯ ಕರೆಗಳು ಬರುವುದೂ ಸಾಮಾನ್ಯವಾಗಿ ಅದೇ ಹೊತ್ತಿನಲ್ಲಿ. ಆದುದರಿಂದ ಮಗು ಮನೆಯಲ್ಲಿ ಇಲ್ಲದಿರುವಾಗಲೂ ಅದರ ತಿಳಿವಳಿಕೆ ಮನೆಯಲ್ಲಿ ಉಳಿಯಬೇಕಾದರೆ ಅದು ಬರಹದ ರೂಪದಲ್ಲಿರುವುದು ಅವಶ್ಯಕ. ಈ ಬರಹವೇ ಬಳಕೆದಾರರ ಕೈಪಿಡಿ. ಇದನ್ನು ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬಹುದು, ಮನೆಯವರು ಹೇಗೆ ಸಹಕರಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಬಳಕೆದಾರರ ಕೈಪಿಡಿ ಎಂದರೇನು?

ಒಂದು ಸಾಧನವನ್ನು ಹಿಂದೆ ಬಳಸದಿರುವ ವ್ಯಕ್ತಿಯು ಬೇರೆ ಯಾರನ್ನೂ ಕೇಳದೆ, ಓದಿಕೊಂಡು ಅಥವಾ ಓದಿಸಿಕೊಂಡು, ಒಂದು ನಿರ್ದಿಷ್ಟ ಕೆಲಸವನ್ನು ಸುರಕ್ಷಿತವಾಗಿ ಪೂರ್ಣಗೊಳಿಸಲು ಬೇಕಾದ ಸೂಚನೆಗಳ ಕ್ರಮಬದ್ಧ ಬರಹವನ್ನು ಬಳಕೆದಾರರ ಕೈಪಿಡಿ ಎನ್ನಲಾಗುತ್ತದೆ.

ಶಾಲೆಯ ಪ್ರಬಂಧಕ್ಕೂ ಕೈಪಿಡಿಗೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಪ್ರಬಂಧವನ್ನು ಓದುವ ಶಿಕ್ಷಕರಿಗೆ ವಿಷಯವು ಮೊದಲೇ ತಿಳಿದಿರುತ್ತದೆ. ಕೈಪಿಡಿಯನ್ನು ಓದುವವರಿಗೆ ವಿಷಯ ತಿಳಿದಿರುವುದಿಲ್ಲ. ತಿಳಿದಿದ್ದರೆ ಅವರು ಕೈಪಿಡಿಯನ್ನು ತೆರೆಯುತ್ತಿರಲಿಲ್ಲ. ಪ್ರಬಂಧದಲ್ಲಿ ಒಂದು ವಾಕ್ಯ ಬಿಟ್ಟುಹೋದರೆ ಒಂದು ಅಂಕ ಕಡಿಮೆಯಾಗಬಹುದು. ಕೈಪಿಡಿಯಲ್ಲಿ ಒಂದು ಹಂತ ಬಿಟ್ಟುಹೋದರೆ ಓದುಗರು ಅಲ್ಲಿಯೇ ನಿಂತುಬಿಡುತ್ತಾರೆ, ಇಲ್ಲವೇ ತಪ್ಪು ಗುಂಡಿಯನ್ನು ಒತ್ತುತ್ತಾರೆ.

ಉಪಯೋಗಕ್ಕೆಂದೇ ಬರೆಯುವ ಈ ಬಗೆಯ ಬರಹ ಕನ್ನಡಕ್ಕೆ ಹೊಸದಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (ಸುಮಾರು ಕ್ರಿ.ಶ. 1025), ಕೀರ್ತಿವರ್ಮನ ‘ಗೋವೈದ್ಯ’ ಮತ್ತು ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ನಿತ್ಯಜೀವನದ ಕೆಲಸಗಳನ್ನು ಮಾಡುವ ಕ್ರಮವನ್ನು ತಿಳಿಸುವ ಕೃತಿಗಳಾಗಿವೆ. ಆಧುನಿಕ ಕಾಲದಲ್ಲಿ, ತುಮಕೂರು ತಾಲ್ಲೂಕಿನ ಬೆಳ್ಳಾವೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊಂದಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರೊಂದಿಗೆ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿ, ವಿಜ್ಞಾನದ ವಿಷಯಗಳನ್ನು ಕನ್ನಡದಲ್ಲಿಯೇ ತಿಳಿಸಬಹುದೆಂದು ತೋರಿಸಿಕೊಟ್ಟರು.

3. ಕಾನೂನಿನ ಹಿನ್ನೆಲೆ

ಕೈಪಿಡಿಯನ್ನು ಒದಗಿಸುವುದು ಮೂಲತಃ ತಯಾರಕರ ಹೊಣೆ. ಈ ಕುರಿತು ಬಳಕೆದಾರರು ಕೆಳಕಂಡ ಅಂಶಗಳನ್ನು ತಿಳಿದಿರುವುದು ಸೂಕ್ತ.

ಅ) ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕರಣ 84ರಂತೆ, ಅಪಾಯವನ್ನು ತಡೆಯಲು ಅಗತ್ಯವಾದ ಸರಿಯಾದ ಬಳಕೆಯ ಸೂಚನೆಗಳು ಅಥವಾ ತಪ್ಪು ಬಳಕೆಯ ಕುರಿತ ಎಚ್ಚರಿಕೆಗಳು ಉತ್ಪನ್ನದೊಂದಿಗೆ ಇಲ್ಲದಿದ್ದಲ್ಲಿ ತಯಾರಕರು ಉತ್ಪನ್ನ ಹೊಣೆಗಾರಿಕೆಗೆ ಒಳಪಡುತ್ತಾರೆ.

ಆ) ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರಂತೆ, ರಾಜ್ಯದಲ್ಲಿ ತಯಾರಾಗುವ ಕೈಗಾರಿಕಾ ಮತ್ತು ಗ್ರಾಹಕ ಉತ್ಪನ್ನಗಳ ಹೆಸರು ಹಾಗೂ ಬಳಕೆಯ ನಿರ್ದೇಶನಗಳು ಇತರ ಭಾಷೆಯೊಂದಿಗೆ ಕನ್ನಡದಲ್ಲಿಯೂ ಇರತಕ್ಕದ್ದು. ಇದರ ಪಾಲನೆಗಾಗಿ 2025ರ ಫೆಬ್ರವರಿಯಲ್ಲಿ ಸರ್ಕಾರದ ಆದೇಶ ಹೊರಡಿಸಲಾಗಿದೆ.

ರಾಜ್ಯದ ಹೊರಗೆ ತಯಾರಾಗಿ ಬರುವ ಸಾಧನಗಳ ವಿಷಯದಲ್ಲಿ ಕೊರತೆ ಉಳಿದೇ ಇದೆ. ಪೆಟ್ಟಿಗೆಯೊಳಗಿನ ಹಾಳೆ ಅನೇಕ ಬಾರಿ ಬೇರೆ ಭಾಷೆಗಳಲ್ಲಿ, ಅತಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ವಿದ್ಯಾರ್ಥಿಗಳು ಬರೆಯುವ ಕೈಪಿಡಿ ತಯಾರಕರ ಕೈಪಿಡಿಗೆ ಬದಲಿಯಲ್ಲ. ಮನೆಯವರಿಗೆ ಅಗತ್ಯವಿರುವ ಒಂದೆರಡು ಕೆಲಸಗಳಿಗೆ ಅದು ಸಹಾಯಕ ಬರಹ ಮಾತ್ರ.

4. ಸಾಧನಗಳ ಆಯ್ಕೆ

ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳು ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಜನರ ಉದ್ಯೋಗ ಮತ್ತು ಮನೆಯ ಪರಿಸ್ಥಿತಿ ಬೇರೆ ಬೇರೆಯಾಗಿರುವುದರಿಂದ ಆಯಾ ಸ್ಥಳಕ್ಕೆ ಹೊಂದುವ ಸಾಧನವನ್ನು ಆರಿಸಿಕೊಳ್ಳಬಹುದಾಗಿದೆ.

ತುಮಕೂರು ನಗರ: ವಿದ್ಯುತ್ ಮೀಟರ್, ಹಣ ಪಡೆಯುವ ಎ.ಟಿ.ಎಂ. ಯಂತ್ರ, ಮನೆಯಲ್ಲಿ ಬಳಸುವ ಡಿಜಿಟಲ್ ರಕ್ತದೊತ್ತಡ ಮಾಪಕ.

ಗುಬ್ಬಿ: ತೆಂಗು ಮತ್ತು ಅಡಿಕೆ ತೋಟಗಳ ಪಂಪ್‌ಸೆಟ್ಟಿಗೆ ಅಳವಡಿಸುವ ಮೊಬೈಲ್ ಸ್ಟಾರ್ಟರ್, ಹಾಲು ಉತ್ಪಾದಕರ ಸಂಘದಲ್ಲಿ ಹಾಲಿನ ಪ್ರಮಾಣ ಮತ್ತು ಜಿಡ್ಡಿನ ಅಂಶವನ್ನು ತೋರಿಸುವ ಯಂತ್ರ ಹಾಗೂ ಅದರ ಚೀಟಿ.

ಕುಣಿಗಲ್: ದುಡಿಯುವ ವಯಸ್ಸಿನವರು ಬೆಂಗಳೂರಿನಲ್ಲಿದ್ದು ಹಿರಿಯರು ಊರಿನಲ್ಲಿ ಉಳಿದಿರುವ ಮನೆಗಳಲ್ಲಿ ಮೊಬೈಲ್ ದೂರವಾಣಿ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಪಡೆಯುವ ಯಂತ್ರ.

ಹಾಲಿನ ಯಂತ್ರವಾಗಲಿ ಬೆರಳಚ್ಚಿನ ಯಂತ್ರವಾಗಲಿ ಫಲಾನುಭವಿಯ ಸ್ವಂತದ್ದಲ್ಲ. ಅಂತಹ ಸಾಧನದ ಕೈಪಿಡಿಯಲ್ಲಿ ಯಂತ್ರವನ್ನು ನಡೆಸುವ ವಿಧಾನಕ್ಕಿಂತ, ಚೀಟಿಯಲ್ಲಿ ಯಾವ ಅಂಕಿಯನ್ನು ನೋಡಬೇಕು, ಅದು ಪಡೆದ ಪದಾರ್ಥಕ್ಕೆ ಅಥವಾ ಅಳೆದ ಹಾಲಿಗೆ ತಾಳೆಯಾಗುವುದೇ ಎಂದು ಹೇಗೆ ಪರಿಶೀಲಿಸಬೇಕು ಎಂಬುದನ್ನು ಬರೆಯಬೇಕು.

5. ಕಲಿಸುವ ಹಂತಗಳು

8ರಿಂದ 10ನೇ ತರಗತಿಯ ವಿದ್ಯಾರ್ಥಿಗಳಿಗೆ ನಾಲ್ವರ ಗುಂಪುಗಳಲ್ಲಿ ಸುಮಾರು ಆರು ಅವಧಿಗಳಲ್ಲಿ ಈ ಚಟುವಟಿಕೆಯನ್ನು ಮಾಡಿಸಬಹುದು. ಕಂಪ್ಯೂಟರ್ ಕೊಠಡಿಯ ಅಗತ್ಯವಿಲ್ಲ. ಕಾಗದ ಮತ್ತು ಪೆನ್ಸಿಲ್ ಸಾಕು.

ಹಂತ 1. ಓದುಗರನ್ನು ನಿಗದಿಪಡಿಸುವುದು: ‘ಎಲ್ಲರಿಗಾಗಿ’ ಬರೆದ ಕೈಪಿಡಿ ಯಾರಿಗೂ ಸಾಲುವುದಿಲ್ಲ. ಅಜ್ಜಿ, ತಂದೆ, ನೆರೆಮನೆಯವರು ಹೀಗೆ ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು, ಅವರು ಕನ್ನಡ ಓದಬಲ್ಲರೇ, ಕನ್ನಡಕ ಬೇಕೇ, ಯಾವ ಅಂಕಿಗಳನ್ನು ಗುರುತಿಸಬಲ್ಲರು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆಯ ಪ್ರಮಾಣ ಸುಮಾರು ಶೇ. 75 ಇತ್ತು. ಓದಲು ಬಾರದವರಿಗಾಗಿ ಚಿತ್ರಗಳಲ್ಲಿ ಅಥವಾ ಗಟ್ಟಿಯಾಗಿ ಓದಿ ಹೇಳಲು ಅನುಕೂಲವಾಗುವಂತೆ ಬರೆಯಬೇಕಾಗುತ್ತದೆ.

ಹಂತ 2. ಒಂದೇ ಕೆಲಸವನ್ನು ಆರಿಸುವುದು: ‘ಮೊಬೈಲ್ ಬಳಸುವ ಬಗೆ’ ಎಂಬುದು ಕೈಪಿಡಿಯ ವಿಷಯವಾಗಲಾರದು. ‘ಬಂದ ಸಂದೇಶವನ್ನು ತೆರೆದು ಓದುವುದು’ ಎಂಬುದು ಆಗಬಲ್ಲದು.

ಹಂತ 3. ಮಾಡುತ್ತಾ ಬರೆಯುವುದು: ಒಬ್ಬ ವಿದ್ಯಾರ್ಥಿ ಸಾಧನವನ್ನು ನಿಧಾನವಾಗಿ ಬಳಸಬೇಕು, ಇನ್ನೊಬ್ಬರು ಪ್ರತಿಯೊಂದು ಕ್ರಿಯೆಯನ್ನೂ ಬರೆಯಬೇಕು. ಅಭ್ಯಾಸವಾಗಿರುವ ಕೈ ಮಾಡುವ ಸಣ್ಣ ಕೆಲಸಗಳು ನೆನಪಿನಿಂದ ಬರೆದಾಗ ಬಿಟ್ಟುಹೋಗುತ್ತವೆ.

ಹಂತ 4. ಕ್ರಿಯೆ ಮತ್ತು ಫಲಿತಾಂಶ: ಪ್ರತಿ ಹಂತದಲ್ಲಿ ಮಾಡಬೇಕಾದ ಒಂದೇ ಕೆಲಸ ಮತ್ತು ಅದನ್ನು ಮಾಡಿದ ಮೇಲೆ ಕಾಣಬೇಕಾದದ್ದು, ಇವೆರಡೂ ಇರಬೇಕು. ಕಾಣಬೇಕಾದದ್ದು ಕಾಣದಿದ್ದಲ್ಲಿ ಏನು ಮಾಡಬೇಕೆಂಬುದನ್ನೂ ಸೇರಿಸಬೇಕು.

ಹಂತ 5. ಎಚ್ಚರಿಕೆ ಮೊದಲು: ಅಪಾಯವಿರುವ ಹಂತದ ಎಚ್ಚರಿಕೆಯನ್ನು ಆ ಹಂತಕ್ಕಿಂತ ಮುಂಚೆಯೇ ಬರೆಯಬೇಕು. ಓದುಗರು ಒಂದು ಸಾಲು ಓದಿ ಆ ಕೆಲಸ ಮಾಡಿ ನಂತರ ಮುಂದಿನ ಸಾಲು ಓದುತ್ತಾರೆ. ಗುಂಡಿ ಒತ್ತಿದ ಮೇಲೆ ಓದುವ ಎಚ್ಚರಿಕೆಯಿಂದ ಪ್ರಯೋಜನವಿಲ್ಲ.

ಹಂತ 6. ಮೌನ ಪರೀಕ್ಷೆ: ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಕೈಪಿಡಿಯನ್ನು ಓದುಗರ ಕೈಗೆ ಕೊಟ್ಟು ವಿದ್ಯಾರ್ಥಿ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಬಾಯಿ ತೆರೆಯಬಾರದು, ಸಾಧನಕ್ಕೆ ಕೈ ಹಾಕಬಾರದು. ಅಪಾಯ ಕಂಡುಬಂದಲ್ಲಿ ಮಾತ್ರ ತಡೆಯಬೇಕು. ಓದುಗರು ಎಲ್ಲಿ ನಿಂತರು, ಎಲ್ಲಿ ಹಿಂದಕ್ಕೆ ಹೋದರು, ಯಾವ ಪದವನ್ನು ಎರಡು ಬಾರಿ ಓದಿದರು ಎಂಬುದನ್ನು ‘ಹಂತ’, ‘ನಿಂತ ಸ್ಥಳ’, ‘ಮಾಡಬೇಕಾದ ತಿದ್ದುಪಡಿ’ ಎಂಬ ಮೂರು ಅಂಕಣಗಳಲ್ಲಿ ದಾಖಲಿಸಬೇಕು.

ಮೌನವಾಗಿರುವುದು ವಿದ್ಯಾರ್ಥಿಗಳಿಗೆ ಕಷ್ಟ. ‘ಅಷ್ಟೂ ಗೊತ್ತಾಗುವುದಿಲ್ಲವೇ?’ ಎಂದು ದೂರವಾಣಿಯನ್ನು ಕಸಿದುಕೊಂಡು ತಾವೇ ಮಾಡಿಕೊಡುವುದು ಸುಲಭ. ಹಾಗೆ ಮಾಡಿದಲ್ಲಿ ಆ ಹೊತ್ತಿನ ಕೆಲಸ ಮುಗಿಯುತ್ತದೆಯೇ ಹೊರತು ಹಿರಿಯರು ಮತ್ತೆ ಅದೇ ಸ್ಥಿತಿಯಲ್ಲಿ ಉಳಿಯುತ್ತಾರೆ. ಓದುಗರು ತಡವರಿಸಿದರೆ ಅದು ಅವರ ತಪ್ಪಲ್ಲ, ಬರಹದ ತಪ್ಪು ಎಂಬುದನ್ನು ವಿದ್ಯಾರ್ಥಿ ಕಣ್ಣಾರೆ ಕಂಡು ಒಪ್ಪಿಕೊಳ್ಳುವುದೇ ಈ ಪಾಠದ ತಿರುಳು.

6. ಭಾಷೆ ಮತ್ತು ಅಂಕಿಗಳ ಬಳಕೆ

(1) ಒಂದು ವಸ್ತುವಿಗೆ ಆರಂಭದಿಂದ ಕೊನೆಯವರೆಗೆ ಒಂದೇ ಹೆಸರನ್ನು ಬಳಸಬೇಕು. ಒಮ್ಮೆ ‘ಗುಂಡಿ’, ಇನ್ನೊಮ್ಮೆ ‘ಬಟನ್’, ಮತ್ತೊಮ್ಮೆ ‘ಕೀಲಿ’ ಎಂದು ಬರೆದಲ್ಲಿ ಓದುಗರು ಮೂರು ವಸ್ತುಗಳನ್ನು ಹುಡುಕುತ್ತಾರೆ.

(2) ಮನೆಯಲ್ಲಿ ಬಳಕೆಯಲ್ಲಿರುವ ಪದವನ್ನೇ ಆರಿಸಬೇಕು. ‘ಚಾರ್ಜ್’, ‘ಮೆಸೇಜ್’, ‘ಬಿಲ್’ ಎಂಬುವು ಎಲ್ಲರಿಗೂ ತಿಳಿದಿರುವಾಗ ಅವುಗಳ ಸ್ಥಾನದಲ್ಲಿ ಹೊಸ ಪದ ರಚಿಸುವ ಅವಶ್ಯಕತೆಯಿಲ್ಲ.

(3) ‘ಒತ್ತಲ್ಪಡಬೇಕು’ ಎಂಬುದಕ್ಕಿಂತ ‘ಒತ್ತಿರಿ’ ಎಂಬುದು ಸ್ಪಷ್ಟ ಹಾಗೂ ಗೌರವಯುತ.

(4) ಸಾಧನದ ಪರದೆಯ ಮೇಲೆ 1, 2, 3 ಎಂಬ ಅಂಕಿಗಳಿದ್ದು, ಓದುಗರಿಗೆ ಕನ್ನಡ ಅಂಕಿಗಳು ಮಾತ್ರ ಪರಿಚಿತವಾಗಿದ್ದಲ್ಲಿ, ಹಾಳೆಯ ಮೇಲ್ಭಾಗದಲ್ಲಿ 1–೧, 2–೨ ಎಂಬಂತೆ ಜೋಡಿಸಿ ಬರೆಯಬೇಕು.

(5) ಸಾಧನದ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದಲ್ಲಿ ಅವುಗಳ ಉಚ್ಚಾರಣೆಯನ್ನು ಬರೆದರೆ ಸಾಲದು; ಅಕ್ಷರದ ಆಕಾರವನ್ನೇ ಚಿತ್ರದಂತೆ ಬಿಡಿಸಿ ತೋರಿಸಬೇಕು.

(6) ಕೈಪಿಡಿಯನ್ನು ಗಣಕದಲ್ಲಿ ಸಿದ್ಧಪಡಿಸುವವರು ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶವನ್ನು ಬಳಸಬಹುದು. ಆದರೆ ಯೂನಿಕೋಡ್ ವಿಧಾನವನ್ನೇ ಆರಿಸಿಕೊಳ್ಳಬೇಕು. ಹಳೆಯ ಫಾಂಟ್‌ಗಳಲ್ಲಿ ಬರೆದ ಬರಹವು ಮೊಬೈಲ್‌ನಲ್ಲಿ ತೆರೆದಾಗ ಅರ್ಥವಾಗದ ಚಿಹ್ನೆಗಳಾಗಿ ಕಾಣಬಹುದು.

7. ಮಾದರಿ ಕೈಪಿಡಿ: ವಿದ್ಯುತ್ ಮೀಟರ್ ಓದುವುದು

ಈ ಮೂರು ತಾಲ್ಲೂಕುಗಳಲ್ಲಿ ವಿದ್ಯುತ್ ಸರಬರಾಜು ಬೆಸ್ಕಾಂ ವ್ಯಾಪ್ತಿಗೆ ಸೇರಿದೆ. 2023ರ ಜುಲೈ ತಿಂಗಳಿನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮಾಸಿಕ ಬಳಕೆಗೆ 200 ಯೂನಿಟ್‌ಗಳ ಮಿತಿ ಇರುವುದರಿಂದ, ತಿಂಗಳ ನಡುವೆಯೇ ಬಳಕೆಯನ್ನು ತಿಳಿದುಕೊಳ್ಳುವುದು ಕುಟುಂಬಗಳಿಗೆ ಉಪಯುಕ್ತ.

ಮೊದಲ ಪ್ರಯತ್ನದಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ಮೀಟರ್ ಡಿಸ್‌ಪ್ಲೇಯಲ್ಲಿ ರೀಡಿಂಗ್ ಚೆಕ್ ಮಾಡಿ ಹಳೆಯದನ್ನು ಕಳೆಯುವುದು.’ ತಿಳಿದವರಿಗೆ ಇದು ಸರಿ. ತಿಳಿಯದವರಿಗಾಗಿ ತಿದ್ದಿದ ರೂಪ ಕೆಳಕಂಡಂತಿದೆ.

ಕೆಲಸ: ಈ ದಿನದವರೆಗೆ ಎಷ್ಟು ಯೂನಿಟ್ ಖರ್ಚಾಗಿದೆ ಎಂದು ತಿಳಿಯುವುದು.

ಬೇಕಾದವು: ಹಿಂದಿನ ತಿಂಗಳ ಬಿಲ್, ಕಾಗದ, ಪೆನ್ನು.

ಎಚ್ಚರಿಕೆ: ಒದ್ದೆ ಕೈಯಿಂದ ಮೀಟರ್ ಮುಟ್ಟಬೇಡಿ. ಮುಚ್ಚಳವನ್ನಾಗಲಿ ಮೊಹರನ್ನಾಗಲಿ ತೆಗೆಯಬೇಡಿ. ಮೀಟರಿನಲ್ಲಿ ಹಸ್ತಕ್ಷೇಪ ಮಾಡುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರಂತೆ ಅಪರಾಧ.

1) ಮೀಟರಿನ ಎದುರು ನಿಂತು ಪರದೆಯನ್ನು ನೋಡಿ. ಅಂಕಿಗಳು ತಾವಾಗಿಯೇ ಬದಲಾಗುತ್ತಿರುತ್ತವೆ. ಬದಲಾಗದಿದ್ದಲ್ಲಿ ಪರದೆಯ ಹತ್ತಿರವಿರುವ ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ.

2) ಅಂಕಿಯ ಪಕ್ಕದಲ್ಲಿ ಕೆ.ಡಬ್ಲ್ಯು.ಎಚ್. ಎಂಬ ಅಕ್ಷರಗಳು (ಇಲ್ಲಿ ಅಕ್ಷರಗಳ ಚಿತ್ರ ಬಿಡಿಸುವುದು) ಬರುವವರೆಗೆ ಕಾಯಿರಿ. ದಿನಾಂಕ ಅಥವಾ ಸಮಯ ಕಂಡರೆ ಅದನ್ನು ಬರೆಯಬೇಡಿ.

3) ಆ ಅಂಕಿಯನ್ನು ಕಾಗದದ ಮೇಲೆ ಬರೆಯಿರಿ. ಅಂಕಿಯ ನಡುವೆ ಚುಕ್ಕೆ ಇದ್ದರೆ ಚುಕ್ಕೆಯವರೆಗೆ ಮಾತ್ರ ಬರೆಯಿರಿ. ಉದಾಹರಣೆ: 4396.7 ಎಂದಿದ್ದರೆ 4396 ಎಂದು ಬರೆಯಿರಿ.

4) ಬಿಲ್ಲಿನಲ್ಲಿ ‘ಇಂದಿನ ಮಾಪನ’ ಎಂಬ ಅರ್ಥದ ಸಾಲನ್ನು ಹುಡುಕಿ. ಅದು ಬಿಲ್ ಕೊಟ್ಟ ದಿನದ ಅಂಕಿ. ಉದಾಹರಣೆ: 4312.

5) ಮೀಟರಿನ ಅಂಕಿಯಿಂದ ಬಿಲ್ಲಿನ ಅಂಕಿಯನ್ನು ಕಳೆಯಿರಿ. 4396 – 4312 = 84. ಬಿಲ್ ಬಂದ ನಂತರ 84 ಯೂನಿಟ್ ಖರ್ಚಾಗಿದೆ.

6) ಉತ್ತರ ಸಾವಿರಗಳಲ್ಲಿ ಬಂದರೆ ಹಂತ 3ಕ್ಕೆ ಹಿಂತಿರುಗಿ ಚುಕ್ಕೆಯನ್ನು ಮತ್ತೊಮ್ಮೆ ನೋಡಿ.

ಹಂತ 3ರ ಚುಕ್ಕೆಯ ವಿಷಯ ಬರೆಯುವವರಿಗೆ ಸಹಜವಾಗಿ ಹೊಳೆಯುವುದಿಲ್ಲ. ಓದುಗರು 43967 ಎಂದು ಬರೆದುಕೊಂಡು ಗಾಬರಿಯಾದಾಗಲೇ ಅದು ತಿಳಿಯುತ್ತದೆ. ಮೌನ ಪರೀಕ್ಷೆಯ ಉಪಯೋಗ ಇದೇ ಆಗಿದೆ.

8. ಒ.ಟಿ.ಪಿ. ಕುರಿತ ಕೈಪಿಡಿ: ವಿಶೇಷ ಸೂಚನೆ

ಸೇವೆಗಳಿಗೆ ಅರ್ಜಿ ಸಲ್ಲಿಸುವವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕಾಗಿ ಕೋರಲಾಗಿದೆ.

ಮೊಬೈಲ್‌ಗೆ ಬರುವ ಒ.ಟಿ.ಪಿ. ಎಂಬ ಒಂದು ಬಾರಿಯ ಸಂಕೇತ ಸಂಖ್ಯೆಯ ಬಗ್ಗೆ ವಿದ್ಯಾರ್ಥಿಗಳು ‘ಯಾರಿಗೂ ಹೇಳಬೇಡಿ’ ಎಂದು ಬರೆಯುವುದು ವಾಡಿಕೆ. ಆದರೆ ಸೇವಾ ಕೇಂದ್ರದಲ್ಲಿ ಅರ್ಜಿ ಸಲ್ಲಿಸುವಾಗ ಎದುರಿಗೆ ಕುಳಿತ ಸಿಬ್ಬಂದಿಯೇ ಆ ಸಂಖ್ಯೆಯನ್ನು ಕೇಳುವ ಸಂದರ್ಭವಿರುತ್ತದೆ. ಕೈಪಿಡಿಯನ್ನು ನಂಬಿದ ಹಿರಿಯರು ಅಲ್ಲಿ ಹೇಳದಿದ್ದರೆ ಅರ್ಜಿ ನಿಲ್ಲುತ್ತದೆ. ಅಲ್ಲಿ ಹೇಳಿ ಕೆಲಸವಾದ ಮೇಲೆ, ಕೈಪಿಡಿಯ ಮಾತು ಪಾಲಿಸಬೇಕಾದದ್ದಲ್ಲ ಎಂದು ಭಾವಿಸಿ ಮರುದಿನ ಕರೆ ಮಾಡಿದ ವಂಚಕರಿಗೂ ಹೇಳುವ ಅಪಾಯವಿದೆ. ಪಾಲಿಸಲಾಗದ ಎಚ್ಚರಿಕೆಯು ಎಚ್ಚರಿಕೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡಬಹುದು.

ಆದುದರಿಂದ ಕೆಳಕಂಡಂತೆ ವಿಂಗಡಿಸಿ ಬರೆಯುವುದು ಸೂಕ್ತ.

(1) ಸಂಖ್ಯೆಯನ್ನು ಹೇಳುವ ಮುನ್ನ ಸಂದೇಶವನ್ನು ಪೂರ್ಣವಾಗಿ ಓದಿರಿ ಅಥವಾ ಓದಿಸಿಕೊಳ್ಳಿರಿ. ಅದು ಯಾವ ಕೆಲಸಕ್ಕೆ ಬಂದಿದೆ ಎಂಬುದನ್ನು ತಿಳಿಯಿರಿ.

(2) ತಾವೇ ಕೇಂದ್ರಕ್ಕೆ ಹೋಗಿ, ತಾವೇ ಕೇಳಿದ ಸೇವೆಗೆ, ತಮ್ಮ ಎದುರಿನಲ್ಲಿಯೇ ಅರ್ಜಿ ತುಂಬುತ್ತಿರುವಾಗ ಬಂದ ಆ ಸೇವೆಯ ಸಂಖ್ಯೆಯನ್ನು ಮಾತ್ರ ಅಲ್ಲಿ ಹೇಳಬಹುದು.

(3) ಕರೆ ಮಾಡಿ ಕೇಳುವವರಿಗೆ, ಅವರು ಯಾವ ಕಚೇರಿಯ ಅಥವಾ ಬ್ಯಾಂಕಿನ ಹೆಸರು ಹೇಳಿದರೂ, ಯಾವುದೇ ಸಂಖ್ಯೆಯನ್ನು ಹೇಳಬೇಡಿ. ಕರೆಯನ್ನು ಕಡಿತಗೊಳಿಸಿ.

(4) ಬ್ಯಾಂಕಿನ ಹಣ ವರ್ಗಾವಣೆಗೆ ಸಂಬಂಧಿಸಿದ ಒ.ಟಿ.ಪಿ., ಎ.ಟಿ.ಎಂ. ಪಿನ್ ಮತ್ತು ಯು.ಪಿ.ಐ. ಪಿನ್‌ಗಳನ್ನು ಎದುರಿಗಿರುವವರಿಗೂ ಹೇಳುವಂತಿಲ್ಲ. ಹಣ ಪಡೆಯಲು ಯು.ಪಿ.ಐ. ಪಿನ್ ಹಾಕುವ ಅಗತ್ಯವಿಲ್ಲ. ಅದನ್ನು ಹಾಕಿದರೆ ಹಣ ಹೊರಗೆ ಹೋಗುತ್ತದೆ.

(5) ಹಣ ಕಳೆದುಕೊಂಡಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಅಥವಾ ಮನೆಯವರ ಭಯದಿಂದ ಮುಚ್ಚಿಡಬೇಡಿ. ಹಣವು ಮುಂದಿನ ಖಾತೆಗಳಿಗೆ ಸಾಗುವ ಮೊದಲು ತಡೆಯಲು ಪ್ರತಿಯೊಂದು ನಿಮಿಷವೂ ಮುಖ್ಯ.

ಈ ಐದು ಸಾಲುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ದೂರವಾಣಿಯನ್ನು ಇಡುವ ಜಾಗದಲ್ಲಿ ಅಂಟಿಸಬಹುದು. ಕೈಪಿಡಿಯ ಯಾವ ಭಾಗದಲ್ಲಿಯೂ ನಿಜವಾದ ಪಿನ್, ಆಧಾರ್ ಸಂಖ್ಯೆ ಅಥವಾ ಖಾತೆ ಸಂಖ್ಯೆಯನ್ನು ಉದಾಹರಣೆಯಾಗಿ ಬರೆಯಬಾರದು.

9. ಆರೋಗ್ಯ ಸಾಧನಗಳು

ಡಿಜಿಟಲ್ ರಕ್ತದೊತ್ತಡ ಮಾಪಕದ ಗುಂಡಿ ಒಂದೇ ಆದರೂ, ಅದನ್ನು ಒತ್ತುವ ಮೊದಲು ಮಾಡಬೇಕಾದ ಕೆಲಸಗಳೇ ಹೆಚ್ಚು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಹೊಗೆಸೊಪ್ಪು ಬಳಸದಿರುವುದು, ಐದು ನಿಮಿಷ ಸುಮ್ಮನೆ ಕುಳಿತಿರುವುದು, ಬೆನ್ನಿಗೆ ಆಸರೆ ಇದ್ದು ಪಾದಗಳು ನೆಲದ ಮೇಲಿರುವುದು, ಪಟ್ಟಿಯನ್ನು ಬರಿಯ ತೋಳಿಗೆ ಹೃದಯದ ಮಟ್ಟದಲ್ಲಿ ಕಟ್ಟುವುದು, ಅಳೆಯುವಾಗ ಮಾತನಾಡದಿರುವುದು. ಇವುಗಳನ್ನು ಬಿಟ್ಟು ‘ಗುಂಡಿ ಒತ್ತಿರಿ’ ಎಂದಷ್ಟೇ ಬರೆದ ಕೈಪಿಡಿಯಿಂದ ತಪ್ಪು ಅಂಕಿ ಬರಬಹುದು. ಬಂದ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು ಎಂಬಲ್ಲಿಗೆ ಕೈಪಿಡಿ ಮುಗಿಯಬೇಕು. ಔಷಧದ ಪ್ರಮಾಣವನ್ನು ಬದಲಿಸುವ ಯಾವ ಸೂಚನೆಯನ್ನೂ ವಿದ್ಯಾರ್ಥಿಗಳು ಬರೆಯಬಾರದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿದ್ಯಾರ್ಥಿಗಳ ಕೈಪಿಡಿಗೆ ಅಂಕಗಳನ್ನು ಹೇಗೆ ನೀಡಬಹುದು?
ಉತ್ತರ: ಹಾಳೆಗಳ ಸಂಖ್ಯೆ ಅಥವಾ ಅಲಂಕಾರವನ್ನು ಪರಿಗಣಿಸಬೇಕಾಗಿಲ್ಲ. ಓದುಗರು ಸಹಾಯವಿಲ್ಲದೆ ಕೆಲಸ ಮುಗಿಸಿದರೇ, ಪರೀಕ್ಷೆಯ ನಂತರ ವಿದ್ಯಾರ್ಥಿ ಏನನ್ನು ತಿದ್ದಿದರು ಎಂಬ ಎರಡು ಅಂಶಗಳು ಸಾಕು.

ಪ್ರಶ್ನೆ: ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ವಿದ್ಯಾರ್ಥಿಗಳು ಭಾಗವಹಿಸಬಹುದೇ?
ಉತ್ತರ: ಭಾಗವಹಿಸಬಹುದು. ವಿದ್ಯುತ್ ಮೀಟರ್, ಗುಂಡಿಗಳಿರುವ ಸಾಧಾರಣ ದೂರವಾಣಿ ಅಥವಾ ಶಾಲೆಯ ಕ್ಯಾಲ್ಕುಲೇಟರನ್ನು ಆರಿಸಿಕೊಳ್ಳಬಹುದು.

ಪ್ರಶ್ನೆ: ತಯಾರಕರ ಕೈಪಿಡಿಯನ್ನು ಅನುವಾದಿಸಿದರೆ ಸಾಲದೇ?
ಉತ್ತರ: ಸಾಲದು. ಅದರಲ್ಲಿ ಸಾಧನದ ಎಲ್ಲ ಸೌಲಭ್ಯಗಳ ವಿವರವಿರುತ್ತದೆ. ಮನೆಯವರಿಗೆ ಬೇಕಾದದ್ದು ಒಂದು ಕೆಲಸ. ಆದರೆ ಸುರಕ್ಷತಾ ಸೂಚನೆಗಳನ್ನು ತಯಾರಕರ ಕೈಪಿಡಿಯೊಂದಿಗೆ ತಾಳೆ ನೋಡತಕ್ಕದ್ದು.

ಪ್ರಶ್ನೆ: ಸಾಧನ ಬದಲಾದರೆ ಏನು ಮಾಡಬೇಕು?
ಉತ್ತರ: ಕೈಪಿಡಿಯ ಮೇಲೆ ಸಾಧನದ ಹೆಸರು ಮತ್ತು ಬರೆದ ದಿನಾಂಕ ಇರಬೇಕು. ಸಾಧನ ಅಥವಾ ಅದರ ಪರದೆ ಬದಲಾದಲ್ಲಿ ಹಳೆಯ ಹಾಳೆಯನ್ನು ತೆಗೆದು ಹೊಸದಾಗಿ ಬರೆದು ಮತ್ತೆ ಪರೀಕ್ಷಿಸಬೇಕು.

11. ಪೋಷಕರು ಮತ್ತು ಹಿರಿಯರಲ್ಲಿ ಮನವಿ

ಮಕ್ಕಳು ಕೈಪಿಡಿಯನ್ನು ತಂದು ಕೊಟ್ಟಾಗ ಬಿಡುವು ಮಾಡಿಕೊಂಡು ಓದಿ, ಅದರಂತೆಯೇ ಮಾಡಿ ನೋಡಬೇಕಾಗಿ ಕೋರಲಾಗಿದೆ. ಅರ್ಥವಾಗದಿದ್ದಲ್ಲಿ ಅರ್ಥವಾದಂತೆ ತಲೆಯಾಡಿಸಬಾರದು. ‘ಇಲ್ಲಿ ನನಗೆ ತಿಳಿಯಲಿಲ್ಲ’ ಎಂದು ಬೆರಳಿಟ್ಟು ತೋರಿಸುವುದೇ ಹಿರಿಯರು ನೀಡಬಹುದಾದ ದೊಡ್ಡ ಸಹಾಯ. ಆ ಒಂದು ಸಾಲು ತಿದ್ದುಪಡಿಯಾದಲ್ಲಿ, ಮುಂದೆ ಮಗು ಮನೆಯಲ್ಲಿಲ್ಲದ ದಿನ ಸಂದೇಶ ಬಂದಾಗ ಅಥವಾ ಅಪರಿಚಿತ ಕರೆ ಬಂದಾಗ, ಏನು ಮಾಡಬೇಕೆಂಬುದು ಗೋಡೆಯ ಮೇಲಿನ ಹಾಳೆಯಲ್ಲಿ ಸಿಗುತ್ತದೆ.